ಅಶ್ವತ್ಥ ಮೇಷ್ಟ್ರು ಬರೆದ ಅಪ್ಪಾಜಿ

ನಮ್ಮ ಮನೆಯ ಗೋಡೆಯ ಮೇಲೆ ನನ್ನದೊಂದು ಚಿತ್ರವಿದೆ. ಬರೆದವರು ಪಕ್ಕದ ಮನೆಯ ಅಶ್ವತ್ಥ ಮೇಷ್ಟ್ರು. ಬಂದ ನೆಂಟರೆಲ್ಲ ಅದನ್ನು ನೋಡಿ, "ಪಕ್ಕದ ಮನೆ ಮೇಷ್ಟ್ರ ಚಿತ್ರ ನಿಮ್ಮನೇಲಿ ಯಾಕೆ ಹಾಕಿದೀರಿ?" ಎಂದು ಕೇಳುತ್ತಾರೆ. ಮೊದಮೊದಲು ಅದು ನಾನೇ ಎಂದು ವಾದ ಮಾಡುತ್ತಿದ್ದೆ. ಈಗ "ಒಳ್ಳೆಯ ಮನುಷ್ಯರು, ಅದಕ್ಕೆ" ಎಂದು ಹೇಳಿ ಕಾಫಿ ತರಲು ಎದ್ದು ಹೋಗುತ್ತೇನೆ.

ಜಯಲಕ್ಷ್ಮಿಪುರಂನಲ್ಲಿ ಅವರ ಕೈಗೆ ಸಿಗದೆ ಉಳಿದ ಮುಖ ಕಡಿಮೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಂದ ಹೂಜಿ, ಮಾವಿನಕಾಯಿ ಬರೆಸಿ ಬರೆಸಿ ಅವರಿಗೆ ಸಾಕಾಗಿತ್ತು. ನಿವೃತ್ತರಾದ ದಿನವೇ, ಇನ್ನು ಮೇಲೆ ಬರೆದರೆ ಮನುಷ್ಯರನ್ನೇ ಎಂದು ಹಟ ಹಿಡಿದರು. ಪೆನ್ಸಿಲ್, ಇದ್ದಿಲು, ಪೇಸ್ಟಲ್, ಜಲವರ್ಣ, ತೈಲವರ್ಣ ಎಲ್ಲದರಲ್ಲೂ ಕೈಯಾಡಿಸಿದರು. ಒಮ್ಮೆ ಗಟ್ಟಿ ಡಿಕಾಕ್ಷನ್ನಿನಲ್ಲಿ ಹಾಲಿನವನ ಚಿತ್ರ ಬರೆದರು. ಚಿತ್ರವೇನೋ ಚೆನ್ನಾಗಿ ಬಂತು, ಆದರೆ ಆ ಬೆಳಿಗ್ಗೆ ಕಾಫಿ ಸಿಗದ ಅವರ ಹೆಂಡತಿ ವೇದವತಿಯಮ್ಮ ವಾರವಿಡೀ ಮಾತು ಬಿಟ್ಟರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು, ನಡೆಯುವವರನ್ನೂ ಬರೆಯುತ್ತಾರೆ. ಒಬ್ಬರ ಎಡಗಾಲು ಬರೆದು ಮುಗಿಸುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ, ಬಲಗಾಲಿಗೆ ಹಿಂದೆ ಬರುವವರೇ ಗತಿ. ಹಾಗಾಗಿ ಅವರ ಹಾಳೆಗಳಲ್ಲಿ ಸೀರೆಯ ಕೆಳಗೆ ಒಂದು ಚಪ್ಪಲಿ, ಒಂದು ಬೂಟು ಕಂಡರೆ ಗಾಬರಿಯಾಗಬಾರದು.

ಮುಖದ ವಿಷಯ ಬೇರೆ. ಎದುರಿಗೆ ಕೂತವರು ಸ್ವಲ್ಪ ಅಲುಗಿದರೂ ಮೇಷ್ಟ್ರಿಗೆ ಮೂಗು ತಪ್ಪಿ ಹೋಗುತ್ತದೆ. ಆಗ ಪಕ್ಕದ ಗೋಡೆಯ ಕನ್ನಡಿ ನೋಡಿ, ಅಲ್ಲಿ ಕಂಡ ಮೂಗನ್ನೇ ಬರೆದುಬಿಡುತ್ತಾರೆ. ಆಮೇಲೆ ಗಲ್ಲ, ಆಮೇಲೆ ಕಣ್ಣು. ಹೀಗೆ ಬ್ಯಾಂಕ್ ಮ್ಯಾನೇಜರ್, ಸಂಗೀತದ ಟೀಚರ್, ಇಸ್ತ್ರಿ ಅಂಗಡಿಯವನು ಎಲ್ಲರೂ ಮೇಷ್ಟ್ರೇ ಆಗಿ ಹೊರಬಂದಿದ್ದಾರೆ.

"ಈ ಬಡಾವಣೆಯವರೆಲ್ಲ ನಿಮ್ಮ ದಾಯಾದಿಗಳ ಥರ ಕಾಣ್ತಾರಲ್ರೀ" ಎಂದು ವೇದವತಿಯಮ್ಮ ಒಮ್ಮೆ ಹೇಳಿದ್ದರು. "ನಾಳೆ ಬಂದು ಮನೇಲಿ ಪಾಲು ಕೇಳಿದ್ರೆ ಏನ್ಮಾಡ್ತೀರಿ?"

ಇಂಥವರ ಮನೆಗೆ ಗಿರಿಜಾಂಬಾ ಬಂದರು. ವೇದವತಿಯಮ್ಮನ ಭಜನೆ ಗುಂಪಿನ ಗೆಳತಿ, ಎಪ್ಪತ್ತೈದು ದಾಟಿದವರು, ಮಾತಾಡಿದರೆ ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗಿನ ಹೆಂಗಸು. ಜೊತೆಗೆ ಅವರ ಇಬ್ಬರು ಅಣ್ಣಂದಿರು: ಗುಂಡಗಿದ್ದ ಶಿವಲಿಂಗಯ್ಯನವರು, ಕಡ್ಡಿಯಂತಿದ್ದ ಸಿದ್ದಲಿಂಗಸ್ವಾಮಿಯವರು. ಓದಲು ತಂದಿದ್ದ ಪೇಪರ್ ವಾಪಸು ಕೊಡಲು ಹೋಗಿದ್ದ ನಾನು ಅಲ್ಲೇ ಕೂತುಬಿಟ್ಟೆ. ಇಂಥದ್ದನ್ನೆಲ್ಲ ಬಿಟ್ಟು ಬರುವಷ್ಟು ವೈರಾಗ್ಯ ನನಗಿಲ್ಲ.

ಗಿರಿಜಾಂಬಾ ಒಂದು ಹಳೆಯ ಫೋಟೋ ಮುಂದಿಟ್ಟರು. ಯಾವುದೋ ಮದುವೆಯ ಗುಂಪು. ಅದರಲ್ಲಿ ಅವರ ತಂದೆ, ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು, ನಿಂತಿದ್ದಾರಂತೆ. ಕ್ಯಾಮೆರಾ ಕ್ಲಿಕ್ಕೆನ್ನುವ ಹೊತ್ತಿಗೆ ಪಕ್ಕದಲ್ಲಿದ್ದ ಪುಣ್ಯಾತ್ಮನೊಬ್ಬ ತನ್ನ ಪೇಟ ಸರಿಮಾಡಿಕೊಳ್ಳಲು ಕೈಯೆತ್ತಿದ್ದ. ಅವನ ಮೊಣಕೈ ಬಹಳ ಸ್ಪಷ್ಟವಾಗಿ ಬಂದಿದೆ. ಅದರ ಹಿಂದೆ ತಂದೆಯ ರುಮಾಲಿನ ತುದಿ ಕಾಣುತ್ತದೆ, ಅಷ್ಟೇ.

"ಇದೊಂದೇ ಇರೋದು ಮೇಷ್ಟ್ರೇ" ಎಂದರು ಗಿರಿಜಾಂಬಾ. "ನಾನು ಹೊಟ್ಟೇಲಿದ್ದಾಗ್ಲೇ ಅಪ್ಪಾಜಿ ಹೋಗ್ಬುಟ್ರು. ಅಣ್ಣಂದಿರು ನೋಡವ್ರೆ, ನಾನೊಬ್ಳೇ ನೋಡಿಲ್ಲ. ದಟ್ಟಗಳ್ಳೀಲಿ ಹೊಸ ಮನೆ ಆಗಿದೆ. ಅವ್ವನ ಫೋಟೋ ಪಕ್ಕ ಜಾಗ ಬಿಟ್ಟಿದೀನಿ. ಗೃಹಪ್ರವೇಶದೊಳಗೆ ಒಂದ್ಸಲ ಅವರ ಮುಖ ನೋಡ್ಬೇಕು ಕಣ್ರೀ. ಇವರಿಬ್ರೂ ಹೇಳ್ತಾರೆ, ನೀವು ಬರೀರಿ."

ಮೇಷ್ಟ್ರ ಕಣ್ಣು ತುಂಬಿತು. ಮರುಕ್ಷಣವೇ ಅಭ್ಯಾಸಬಲದಿಂದ ಆ ಕಣ್ಣು ಕನ್ನಡಿಯ ಕಡೆ ತಿರುಗಿತು. ವೇದವತಿಯಮ್ಮ ಎದ್ದು ಬಂದು ಕನ್ನಡಿಯನ್ನು ಗೋಡೆಯಿಂದ ತೆಗೆದು, ಅಡುಗೆಮನೆಗೆ ಒಯ್ದರು. "ಆ ತಾಯಿ ಮನೆ ಗೋಡೆ ಮೇಲೆ ನಿಮ್ಮ ಮೂಗು ಬೇಡ" ಎಂದು ಒಳಗಿನಿಂದಲೇ ಕೂಗಿ ಹೇಳಿದರು.

ಮೊದಲು ಶಿವಲಿಂಗಯ್ಯನವರ ಸರದಿ. "ಅಪ್ಪಾಜಿದು ಗುಂಡು ಮುಖ, ಅಗಲ ಮೂಗು, ತುಂಬಿದ ಗಲ್ಲ" ಎಂದು ಅವರು ಹೇಳುತ್ತಾ ಹೋದಂತೆ ಮೇಷ್ಟ್ರು ಇದ್ದಿಲಿನಲ್ಲಿ ಬರೆದರು. ಮುಗಿದಾಗ ನೋಡಿದರೆ ಹಾಳೆಯ ಮೇಲೆ ರುಮಾಲು ಸುತ್ತಿಕೊಂಡ ಶಿವಲಿಂಗಯ್ಯನವರೇ ಕೂತಿದ್ದರು.

"ನಿನ್ನ ತಲೆ!" ಎಂದರು ಸಿದ್ದಲಿಂಗಸ್ವಾಮಿಯವರು. "ಅಪ್ಪಾಜಿ ಸಪೂರ ಇದ್ರು. ಉದ್ದ ಮುಖ, ಕೆನ್ನೆ ಒಳಗೆ ಹೋಗಿತ್ತು."

ಮುಂದಿನ ವಾರ ಅವರು ಹೇಳಿದಂತೆ ಪೇಸ್ಟಲ್‌ನಲ್ಲಿ ಬರೆದದ್ದಾಯಿತು. ಅದು ಥೇಟ್ ಸಿದ್ದಲಿಂಗಸ್ವಾಮಿಯವರು. ಇಬ್ಬರಿಗೂ ಬೇಸರವಾಗಬಾರದೆಂದು ಮೇಷ್ಟ್ರು ಎರಡನ್ನೂ ಬೆರೆಸಿ ಜಲವರ್ಣದಲ್ಲಿ ಮೂರನೆಯದೊಂದು ಬರೆದರು. ಅದು ಯಾರ ಹಾಗೂ ಇರಲಿಲ್ಲ. ಮೇಲಿನರ್ಧ ಊಟ ಮಾಡಿದಂತೆಯೂ ಕೆಳಗಿನರ್ಧ ಉಪವಾಸವಿದ್ದಂತೆಯೂ ಕಾಣುತ್ತಿತ್ತು.

ಪ್ರತಿ ಸಲವೂ ಗಿರಿಜಾಂಬಾ ಸೆರಗು ಹೊದ್ದು ಚಿತ್ರದ ಮುಂದೆ ನಿಲ್ಲುತ್ತಿದ್ದರು. ನೋಡಿ, "ಇದು ಅಣ್ಣ ಅಲ್ವಾ?" ಎಂದಷ್ಟೇ ಹೇಳಿ ಹಿಂದೆ ಸರಿಯುತ್ತಿದ್ದರು. ಎಪ್ಪತ್ತೈದು ವರ್ಷ ಕಾದವರು ಇನ್ನೊಂದು ವಾರ ಕಾಯುವುದಕ್ಕೂ ಸಿದ್ಧರಿದ್ದರು. ಆ ತಾಳ್ಮೆ ನೋಡಿ ನನಗೇ ಆ ಅಣ್ಣಂದಿರ ಮೇಲೆ ಕೋಪ ಬರುತ್ತಿತ್ತು.

ಗೃಹಪ್ರವೇಶದ ವಾರವೂ ಬಂತು. ಕೊನೆಯ ಪ್ರಯತ್ನಕ್ಕೆ ಮೇಷ್ಟ್ರು ಹೊಸ ಹಾಳೆ ಹಚ್ಚಿ, ಮತ್ತೆ ಇದ್ದಿಲು ಹಿಡಿದರು. ಈ ಸಲ ಮೀಸೆಯಿಂದಲೇ ಜಗಳ ಶುರುವಾಯಿತು.

"ಮೇಲಕ್ಕೆ ತಿರುವಿದ್ರು!"

"ಕೆಳಕ್ಕೆ ಬುಟ್ಟಿದ್ರು ಕಣೋ!"

ಶಿವಲಿಂಗಯ್ಯನವರು ತಾವೇ ಒಂದು ಚೂರು ಇದ್ದಿಲು ಎತ್ತಿಕೊಂಡು ಹಾಳೆಯ ಮೇಲೆ ಮೀಸೆಯನ್ನು ಮೇಲಕ್ಕೆ ತಿರುವಿದರು. ಸಿದ್ದಲಿಂಗಸ್ವಾಮಿಯವರು ರಬ್ಬರ್ ಕಸಿದುಕೊಂಡು ಅಣ್ಣನ ಮೀಸೆಯನ್ನೆಲ್ಲ ಅಳಿಸಿದರು. ಅಣ್ಣ ತಮ್ಮನ ಕೈ ಹಿಡಿದರು, ತಮ್ಮ ಅಣ್ಣನ ಶಲ್ಯ ಎಳೆದರು. ನಡುವೆ ಹೋದ ಮೇಷ್ಟ್ರ ಹಣೆಗೂ ಒಂದು ಮೀಸೆ ಬಂತು. ಎಂಬತ್ತು ದಾಟಿದ ಇಬ್ಬರು ಇದ್ದಿಲು ಮೆತ್ತಿಕೊಂಡು ಜಗ್ಗಾಡುವುದನ್ನು ಪುಕ್ಕಟೆಯಾಗಿ ನೋಡುವ ಭಾಗ್ಯ ನನ್ನದಾಗಿತ್ತು.

ಆಗ ಮೂಲೆಯಿಂದ ಒಂದು ದನಿ ಬಂತು.

"ಸಾಕು ನಿಲ್ಸಿ! ಬಾಯ್ ಮುಚ್ಕೊಂಡು ಕೂತ್ಕಳ್ಳಿ ಇಬ್ರೂ!"

ಗಿರಿಜಾಂಬಾ ಎದ್ದು ನಿಂತಿದ್ದರು. ಬಲಹುಬ್ಬು ಹಣೆಗೇರಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕೆಳತುಟಿ ಮುಂದೆ ಬಂದಿತ್ತು. ಅಣ್ಣಂದಿರಿಬ್ಬರೂ ದಢಕ್ಕನೆ ದಿವಾನದ ಮೇಲೆ ಕೂತು, ಮಂಡಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ನಾನೂ ಯಾಕೋ ಕಾಲು ಮಡಿಚಿ ನೆಟ್ಟಗೆ ಕೂತೆ.

ಶಿವಲಿಂಗಯ್ಯನವರು ತಂಗಿಯನ್ನು ಓರೆಗಣ್ಣಿನಲ್ಲಿ ನೋಡಿ ಪಿಸುಗುಟ್ಟಿದರು: "ಅಪ್ಪಾಜಿ ಬಂದಂಗಾಯ್ತಲ್ಲೋ."

"ಹುಬ್ಬು ನೋಡಣ್ಣ" ಎಂದರು ತಮ್ಮ. "ಅದೇ ಹುಬ್ಬು. ಅದೇ ತುಟಿ."

ಇಬ್ಬರೂ ಒಂದು ಮಾತು ಒಪ್ಪಿದ್ದು ಅದೇ ಮೊದಲು. ಕಿರಿಯವಳೆಂದು ಎಲ್ಲರೂ ಮುದ್ದು ಮಾಡಿ ಬೆಳೆಸಿದ ಈ ತಂಗಿ ಅಲ್ಲಿಯವರೆಗೆ ಯಾರ ಮೇಲೂ ರೇಗಿರಲಿಲ್ಲ. ಅವರಿಗೆ ನೆನಪಿದ್ದ ಅಪ್ಪಾಜಿಯೋ, ಯಾವಾಗಲೂ ರೇಗುತ್ತಿದ್ದವರು. ಎರಡನ್ನೂ ಕೂಡಿಸಿ ನೋಡುವ ಸಂದರ್ಭವೇ ಆ ಮನೆಯಲ್ಲಿ ಬಂದಿರಲಿಲ್ಲ.

"ಅಮ್ಮಾ, ಹಾಗೇ ಇರಿ! ಸಿಟ್ಟು ಇಳಿಸ್ಬೇಡಿ!" ಎಂದು ಮೇಷ್ಟ್ರು ಹಾಳೆಯ ಕಡೆ ಹಾರಿದರು. ಆದರೆ ಗಿರಿಜಾಂಬಾ ಆಗಲೇ ನಾಚಿಕೊಂಡು ಮೆತ್ತಗಾಗಿದ್ದರು. ಸಿಟ್ಟು ಬರಿಸಲು ಅಣ್ಣಂದಿರು ಸುಳ್ಳು ಜಗಳ ಹೂಡಿದರು, ಅವರು ನಕ್ಕುಬಿಟ್ಟರು. ನಾನು ಹೊಸ ಮನೆಯ ವಾಸ್ತು ಸರಿಯಿಲ್ಲವಂತೆ ಎಂದೆ, ಅದೂ ನಾಟಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ವೇದವತಿಯಮ್ಮ.

"ಅಂದ್ಹಾಗೆ ಗಿರಿಜಾ, ಭಜನೆಗೆ ನೀವು ತಂದಿದ್ರಲ್ಲ ಚಕ್ಲಿ, ಮೆತ್ತಗಾಗಿತ್ತು ಕಣ್ರೀ. ಎಲ್ರೂ ಅಂತಿದ್ರು."

ಹುಬ್ಬು ಮೇಲೇರಿತು. ಮೇಷ್ಟ್ರ ಕೈ ಓಡಿತು. ಹುಬ್ಬು ಇಳಿಯುವ ಸೂಚನೆ ಕಂಡಾಗಲೆಲ್ಲ ವೇದವತಿಯಮ್ಮ ಚಕ್ಕುಲಿಯ ಬಗ್ಗೆ ಇನ್ನೊಂದು ಮಾತು ಸೇರಿಸಿದರು. ರುಮಾಲು ಬಂತು, ವಿಭೂತಿ ಬಂತು, ಮೀಸೆಯ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಬಂತು.

ಗಿರಿಜಾಂಬಾ ಚಿತ್ರದ ಮುಂದೆ ಬಂದು ನಿಂತರು. "ಅಯ್ಯೋ, ನನಗೇ ಮೀಸೆ ಬರೆದಿದೀರಲ್ಲ ಮೇಷ್ಟ್ರೇ!" ಎಂದು ನಗಲು ಶುರುಮಾಡಿದವರು ಪಕ್ಕದಲ್ಲಿ ಅಣ್ಣಂದಿರು ಕೈಮುಗಿದು ನಿಂತಿದ್ದನ್ನು ಕಂಡು ನಗು ನಿಲ್ಲಿಸಿದರು. ಮತ್ತೆ ಚಿತ್ರ ನೋಡಿದರು. ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಇಷ್ಟು ವರ್ಷ ತಲೆ ಬಾಚ್ಕೊಳ್ವಾಗ ದಿನಾ ನೋಡ್ತಿದ್ನಲ್ಲ ಅಪ್ಪಾಜಿನ" ಎಂದರು. ಆಮೇಲೆ ಅತ್ತರು. ನಾವೆಲ್ಲರೂ ಅತ್ತೆವು, ಇದ್ದಿಲು ಮೆತ್ತಿದ್ದ ಮುಖಗಳೆಲ್ಲ ಇನ್ನೂ ಹೊಲಸಾದವು.

ಗೃಹಪ್ರವೇಶಕ್ಕೆ ನಾವೂ ಹೋಗಿದ್ದೆವು. ಅವ್ವನ ಫೋಟೋದ ಪಕ್ಕ ಅಪ್ಪಾಜಿ ಏರಿದರು. ಗಂಧದ ಹಾರ ಹಿಡಿದು ಸಿದ್ದಲಿಂಗಸ್ವಾಮಿಯವರು ಕುರ್ಚಿ ಹತ್ತಿದವರು ಅಲ್ಲೇ ನಿಂತರು.

"ಅಣ್ಣಾ, ಇದು ಗಿರಿಜಾ ಮುಖ ಕಣೋ. ಬದುಕಿರೋ ತಂಗೀಗೆ ಹೆಂಗೆ ಹಾರ ಹಾಕ್ಲಿ?"

"ಹಾಕ್ದಿದ್ರೆ ಅಪ್ಪಾಜಿಗೆ ಅವಮಾನ ಅಲ್ವೇನೋ?"

ಪೂಜೆಗೆ ಬಂದಿದ್ದ ಅಯ್ಯನವರು ಪಂಚಾಂಗ ತಿರುವಿ ಹಾಕತೊಡಗಿದರು. ಎಲ್ಲರೂ ಮೇಷ್ಟ್ರ ಕಡೆ ತಿರುಗಿ ನೋಡಿದರು, ಅವರು ನನ್ನ ಬೆನ್ನ ಹಿಂದೆ ಸರಿದರು. ಅಷ್ಟರಲ್ಲಿ ಗಿರಿಜಾಂಬಾ ಕೈ ನೀಡಿ ಹಾರ ಇಸಿದುಕೊಂಡು ಅವ್ವನ ಫೋಟೋಗೇ ಎರಡನೆಯದಾಗಿ ಹಾಕಿದರು.

"ಅಪ್ಪಾಜಿಗೆ ಹಾರ ಬೇಡ, ಇಳಿಯಣ್ಣ" ಎಂದರು. "ನಾನಿರೋಗಂಟ ಅವರೂ ಇರ್ಲಿ."