ಅಕ್ಕನನ್ನು ಬಸ್ಸಿನಲ್ಲಿ ಕರೆತಂದ ದಿನ

ಅಮ್ಮ ತೀರಿಕೊಂಡದ್ದು ಶನಿವಾರ ಸಂಜೆ. ಅಕ್ಕ ದುಬೈಯಿಂದ ಬರಬೇಕಿದ್ದದ್ದು ಮಾರನೆಯ ದಿನ, ಭಾನುವಾರ ಮಧ್ಯಾಹ್ನ. ಅಲ್ಲಿ ಯಾರದೋ ಮನೆಯ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಅವಳದು. ಮೂರು ವರ್ಷದ ಮೇಲೆ ಸಿಕ್ಕಿದ ಮೊದಲ ರಜೆ. ಟಿಕೆಟ್ ಆದ ದಿನದಿಂದ ಅಮ್ಮ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಪೆನ್ನಿನಿಂದ ಗುಂಡಗೆ ಗೀಚಿ ಗೀಚಿ ಕಾಗದವೇ ಹರಿದುಹೋಗಿತ್ತು.

ಆ ಸಂಜೆ ಅಮ್ಮ ಕಾಫಿ ಲೋಟ ಕೆಳಗಿಟ್ಟು, "ಯಾಕೋ ಬೆನ್ನು ಹಿಡ್ಕೊಂಡಿದೆ" ಅಂದಳು. ನಾನು ಗಿರಾಕಿಯ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದೆ. ದಾರ ಕಡಿದು ತಲೆ ಎತ್ತುವಷ್ಟರಲ್ಲಿ ಗೋಡೆಗೆ ಒರಗಿದ್ದಳು. ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗಲು ಬಾಯಿ ಬರಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಗುಂಡಿ ತೋಡಿದ ಮೇಲೆ ರಾತ್ರಿ ಖಾಲಿ ಬಿಡುವ ಹಾಗಿಲ್ಲ, ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಇನ್ನೊಂದು ಪದ್ಧತಿಯೂ ಉಂಟು. ದೂರದಿಂದ ಬರುವವರಿಗೆ ಸಾವಿನ ಸುದ್ದಿಯನ್ನು ದಾರಿಯಲ್ಲಿ ಹೇಳುವುದಿಲ್ಲ. ನಮ್ಮಪ್ಪ ಹೋದಾಗ ಊರಿನಿಂದ ಬರುತ್ತಿದ್ದ ಅಮ್ಮನಿಗೂ ಹೀಗೇ ಮುಚ್ಚಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಸೋದರಮಾವ ನನ್ನನ್ನು ಅಡುಗೆಮನೆಗೆ ಕರೆದ. "ಏರ್‌ಪೋರ್ಟಿಗೆ ನೀನೇ ಹೋಗು. ಮನೆ ಬಾಗಿಲಿಗೆ ಬರೋ ತನಕ ಒಂದ್ ಮಾತು ಆಡ್ಬೇಡ ಕಣವ್ವ. ದಾರೀಲಿ ಎದೆ ಬಡ್ಕೊಂಡ್ರೆ ಯಾರು ಹಿಡೀತಾರೆ? ಬರ್ತಾ ಕಾರ್ ಮಾಡ್ಕೊಂಡ್ ಬಂದ್ಬಿಡಿ. ಮೂರಕ್ಕೆಲ್ಲ ಬಂದ್ರೆ ಅಮ್ಮನ ಮುಖ ನೋಡ್ಕೋತಾಳೆ. ನಾಲ್ಕೂವರೆಗೆ ಎತ್ತಬೇಕು."

ಅತ್ತೆ ತನ್ನ ರೇಷ್ಮೆ ಸೀರೆ ಉಡಿಸಿದಳು. ಅನುಮಾನ ಬರಬಾರದಲ್ಲ. ಹಣೆಯ ವಿಭೂತಿಯನ್ನು ಏರ್‌ಪೋರ್ಟಿನ ಬಚ್ಚಲಲ್ಲಿ ಒರೆಸಿಕೊಂಡೆ. ಕನ್ನಡಿಯಲ್ಲಿ ನನ್ನನ್ನು ನೋಡಿದರೆ ನಾಮಕರಣಕ್ಕೆ ಹೊರಟವಳ ಹಾಗಿದ್ದೆ.

ಅಕ್ಕ ಹೊರಗೆ ಬಂದಾಗ ಒಂದು ಗಂಟೆ ದಾಟಿತ್ತು. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದಳು. "ಏನೇ ಇದು, ರೇಷ್ಮೆ ಸೀರೆ! ನನಗೆ ಗಂಡು ನೋಡಿಟ್ಟಿದ್ದೀರಾ ಹೆಂಗೆ?"

ತಬ್ಬಿಕೊಂಡಳು. ಬಿಟ್ಟು ಮುಖ ನೋಡಿದಳು. "ಕಣ್ಣು ಯಾಕೆ ಇಷ್ಟು ಕೆಂಪು?"

"ಹೊಲಿಗೆ ಜಾಸ್ತಿ ಇತ್ತು. ನಿದ್ದೆ ಇಲ್ಲ."

"ಅಮ್ಮ ಬರ್ತೀನಿ ಅಂತ ಹಟ ಮಾಡ್ಲಿಲ್ವಾ?"

"ಮಂಡಿ ನೋವು. ಮನೇಲಿ ಕೂತಿದ್ದಾಳೆ."

ಕೂತಿದ್ದದ್ದು ಸುಳ್ಳಲ್ಲ. ಅಮ್ಮನನ್ನು ಗೋಡೆಗೆ ಕೂರಿಸಿ, ಹಾರ ಹಾಕಿಯೇ ನಾನು ಹೊರಟು ಬಂದಿದ್ದೆ.

ಕಾರ್ ಮಾಡೋಣ ಅಂದೆ. ಅಕ್ಕ ನಕ್ಕಳು. "ಕಾರಾ? ನಂಗೆ ಕಾರಲ್ಲಿ ವಾಂತಿ ಬರುತ್ತೆ ಅಂತ ಮರೆತೇಬಿಟ್ಯಾ? ಬಸ್ಸಿದೆಯಲ್ಲ, ಸೀದಾ ಬನಶಂಕರಿ. ಕಿಟಕಿ ಪಕ್ಕ ಕೂತು ಊರು ನೋಡ್ಕೊಂಡ್ ಹೋಗೋಣ."

"ಕಾರಲ್ಲಾದ್ರೆ ಬೇಗ ಹೋಗ್ಬೋದು."

"ಏನಷ್ಟು ಅರ್ಜೆಂಟು? ಯಾರಾದ್ರೂ ಸತ್ತಿದ್ದಾರಾ?"

ತಮಾಷೆಗೆ ಅಂದಿದ್ದಳು. ಇನ್ನೊಂದು ಸಲ ಕಾರು ಎಂದರೆ ಗೊತ್ತಾಗಿಬಿಡುತ್ತದೆ ಎಂದು ಸುಮ್ಮನೆ ಸೂಟ್‌ಕೇಸ್ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.

ಬಸ್ಸು ಅರ್ಧ ಖಾಲಿ ಇತ್ತು. ಸೂಟ್‌ಕೇಸನ್ನು ಪಕ್ಕದ ಸೀಟಿನ ಮೇಲೆ ನಿಲ್ಲಿಸಿದ್ದೆವು. ಕಂಡಕ್ಟರ್ ಬಂದು ಅದನ್ನೇ ನೋಡಿದ. "ಏನ್ ಮೇಡಂ, ಇವರಿಗೂ ಬನಶಂಕರಿನಾ?"

"ಹೂಂ ಅಣ್ಣ, ಇವರು ನನ್ನ ಯಜಮಾನ್ರು. ಮಾತು ಕಮ್ಮಿ" ಅಂದಳು ಅಕ್ಕ.

"ಅಂಥ ಯಜಮಾನ್ರು ಸಿಗೋದು ಕಷ್ಟ ಬಿಡಿ. ಮುಂದೆ ಲಗೇಜ್ ಜಾಗ ಇದೆ, ಅಲ್ಲಿ ಮಲಗಿಸಿ ಅವರನ್ನ."

ಹಿಂದಿನ ಸೀಟಿನವರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ, ಆದರೆ ನಕ್ಕಿದ್ದು ನಿಜ.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಫೋನ್ ಗುಂಯ್‌ಗುಟ್ಟಿತು. ಮಾವ. ಎತ್ತಿದರೆ ಅವನ ಹಿಂದಿನ ಭಜನೆ, ಅಳು ಎಲ್ಲವೂ ಅಕ್ಕನ ಕಿವಿಗೆ ಬೀಳುತ್ತದೆ. ಕಟ್ ಮಾಡಿದೆ.

"ಯಾರೇ?"

"ಗಿರಾಕಿ. ಸೀರೆ ಬೇಕಂತೆ."

"ಭಾನುವಾರನೂ ಬಿಡಲ್ವಾ! ಆಫ್ ಮಾಡಿ ಬ್ಯಾಗಿಗೆ ಹಾಕು. ಇವತ್ತು ನೀನು ನನ್ನವಳು."

ಆಫ್ ಮಾಡಲಿಲ್ಲ. ಸದ್ದು ಬಾರದ ಹಾಗೆ ಮಾಡಿ ಬ್ಯಾಗಿನ ತಳಕ್ಕೆ ಹಾಕಿದೆ.

ಹೆಬ್ಬಾಳದ ಹತ್ತಿರ ವಾಹನಗಳು ನಿಂತುಬಿಟ್ಟಿದ್ದವು. ಅಕ್ಕ ವಿಮಾನದಲ್ಲಿ ಕೊಟ್ಟ ಕೇಕನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಂದಿದ್ದಳು. "ನಿನಗೇ ಅಂತ ಇಟ್ಕೊಂಡೆ." ಶವ ಮನೆಯಲ್ಲಿರುವಾಗ ಮಕ್ಕಳು ಏನೂ ತಿನ್ನಬಾರದು. ನಾನು ತಿಂದೆ. ಹಿಂದಿನ ದಿನದಿಂದ ಬರಿ ನೀರಲ್ಲಿದ್ದ ಹೊಟ್ಟೆಗೆ ಆ ಸಿಹಿ ಬಿದ್ದದ್ದೇ ಕಣ್ಣು ಎಳೆಯಿತು. ಅಕ್ಕ ನನ್ನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಅವಳ ಬೆರಳು ನನ್ನ ಕೂದಲಲ್ಲಿ ಓಡಾಡುತ್ತಿತ್ತು.

ನಾನು ಒಪ್ಪಿಕೊಳ್ಳಬೇಕಾದ ಮಾತು ಇದು: ಆ ಹೊತ್ತು ನನಗೆ ಸುಖವಾಗಿತ್ತು. ಅಮ್ಮನಿಗೆ ದಿನಾ ಅಕ್ಕನದೇ ಜಪ. ಬಡಿಸುತ್ತಿದ್ದವಳು ನಾನು, ಕಾಲು ಒತ್ತುತ್ತಿದ್ದವಳು ನಾನು. ಅಕ್ಕ ಬಂದರೂ ನೇರವಾಗಿ ಅಮ್ಮನ ಮಡಿಲಿಗೇ ಹೋಗುತ್ತಿದ್ದಳು. ಆ ಬಸ್ಸಿನಲ್ಲಿ ಮಾತ್ರ ಅವಳು ಪೂರ್ತಿ ನನಗೆ ಸಿಕ್ಕಿದ್ದಳು. ಮನೆ ಮುಟ್ಟಿದರೆ ಇದೂ ಮುಗಿಯುತ್ತದೆ ಅನ್ನಿಸಿತು. ಹೇಳಬೇಡ ಎಂದವನು ಮಾವ. ತಡವಾದರೆ ಆಗಲಿ ಎಂದುಕೊಂಡವಳು ನಾನು. ಹಾಗೇ ನಿದ್ದೆ ಹೋದೆ.

ಎಚ್ಚರವಾದಾಗ ಸೌತ್ ಎಂಡ್ ಸರ್ಕಲ್. ಅಕ್ಕ ಎದ್ದು ನಿಂತಿದ್ದಳು. "ಏಳೇ, ಜಯನಗರದಲ್ಲಿ ಇಳ್ಕೊಳ್ಳೋಣ. ಅಮ್ಮನಿಗೆ ದ್ರಾಕ್ಷಿ ತಗೋಬೇಕು. ಬೀಜ ಇರೋದು."

ಅಮ್ಮನಿಗೆ ಆ ಕಪ್ಪು ಬೀಜದ ದ್ರಾಕ್ಷಿಯೇ ಆಗಬೇಕು. ಬೀಜ ಇಲ್ಲದ್ದನ್ನು ರಬ್ಬರ್ ಅನ್ನುತ್ತಿದ್ದಳು.

"ನಾಳೆ ತಗೊಂಡ್ರಾಯ್ತು" ಅಂದೆ.

"ಮೂರು ವರ್ಷ ಆದ್ಮೇಲೆ ಬರಿಗೈಲಿ ಹೋಗ್ಲಾ? ಬೈತಾಳೆ ಅಷ್ಟೇ."

ಇಳಿದೆವು. ಆಗ ನಾಲ್ಕು ಗಂಟೆ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಮೊದಲ ಅಂಗಡಿಯದು ಹುಳಿ, ಎರಡನೆಯದು ಮೆತ್ತಗೆ. ಮೂರನೆಯ ಅಂಗಡಿಯಲ್ಲಿ ಅಕ್ಕ ಗೊಂಚಲನ್ನು ಬೆಳಕಿಗೆ ಹಿಡಿದು ಒಂದೊಂದೇ ಹಣ್ಣು ಒತ್ತಿ ನೋಡುತ್ತಿದ್ದಳು. "ಅಕ್ಕ, ಹಂಗೆ ಒತ್ತಿದ್ರೆ ಇಲ್ಲೇ ಜ್ಯೂಸ್ ಆಗೋಗುತ್ತೆ" ಎಂದು ಅಂಗಡಿಯವನು ರೇಗಿಸಿದ. ನಾನು ಸೂಟ್‌ಕೇಸ್ ಹಿಡಿದು ನಿಂತಿದ್ದೆ. ನಮ್ಮನ್ನು ಬಿಟ್ಟು ಎತ್ತಲಾರರು, ಕಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬ್ಯಾಗಿನಿಂದ ಫೋನ್ ತೆಗೆದು ನೋಡುವ ಧೈರ್ಯ ಬರಲಿಲ್ಲ.

ಆಟೋ ಇಟ್ಟಮಡುವಿನ ನಮ್ಮ ರಸ್ತೆಗೆ ತಿರುಗಿದಾಗ ಐದಾಗುತ್ತಿತ್ತು. ಶಾಮಿಯಾನ ಇತ್ತು, ಕುರ್ಚಿಗಳು ಇದ್ದವು. ಜನ ಇರಲಿಲ್ಲ. ಬೆಳಿಗ್ಗೆ ಬಾಗಿಲ ಮುಂದೆ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ಒಂದೂ ಇರಲಿಲ್ಲ. ಪಕ್ಕದ ಮನೆಯ ಆಂಟಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಹಜಾರಕ್ಕೆ ಬಿಂದಿಗೆಯಿಂದ ನೀರು ಸುರಿಯುತ್ತಿದ್ದರು. ಹೊಸ್ತಿಲು ದಾಟಿ ನೀರು ಬೀದಿಗೆ ಬರುತ್ತಿತ್ತು. ನೀರಿನಲ್ಲಿ ಸೇವಂತಿಗೆ ದಳಗಳು.

ನನ್ನ ಬಾಯಿಂದ ತಾನಾಗಿ ಬಂತು. "ಎತ್ತಿಬಿಟ್ರಾ?"

ಆಂಟಿ ಬಿಂದಿಗೆ ಹಿಡಿದು ಹಾಗೇ ನಿಂತರು. "ಎಷ್ಟು ಹೊತ್ತು ಕಾಯ್ತಾರಮ್ಮ, ನಿಮ್ಮ ಮಾವ ಫೋನ್ ಮಾಡಿ ಮಾಡಿ ಸಾಕಾಗಿ..."

ಅಕ್ಕ ಇನ್ನೂ ಆಟೋದ ಒಂದು ಕಂಬಿ ಹಿಡಿದಿದ್ದಳು. ಶಾಮಿಯಾನ ನೋಡಿದಳು. ಒಳಗೆ ಗೋಡೆಯ ಬುಡದಲ್ಲಿ, ಒದ್ದೆ ನೆಲದ ಮೇಲೆ ಹಚ್ಚಿಟ್ಟಿದ್ದ ಒಂಟಿ ದೀಪ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅಳಲಿಲ್ಲ, ಕಿರುಚಲಿಲ್ಲ. ಮಾವ ಹೆದರಿದ ಹಾಗೆ ಎದೆ ಬಡಿದುಕೊಳ್ಳಲಿಲ್ಲ.

"ದ್ರಾಕ್ಷಿ ಆರಿಸ್ತಿದ್ದಾಗ ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆ ಆಡಿಸಿದೆ.

"ಬಸ್ಸಲ್ಲಿ ನಗ್ತಿದ್ದಾಗಲೂ?"

ಉತ್ತರಕ್ಕೆ ಕಾಯದೆ ಓಡಿದಳು. ನಾನೂ ಹಿಂದೆ ಓಡಿದೆ. ರುದ್ರಭೂಮಿ ನಮ್ಮ ಮನೆಯಿಂದ ದೂರವಿಲ್ಲ. ಗೇಟಿನಲ್ಲಿ ಗಂಡಸರು ಕೈ ತೊಳೆಯುತ್ತಿದ್ದರು. ಮಾವ ನನ್ನನ್ನು ಕಂಡು ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡ.

"ಒಂಬತ್ತು ಸಲ ಮಾಡ್ದೆ ಕಣೆ. ಬಂದ್ವಿ ಅಂತ ಒಂದ್ ಮಾತು ಹೇಳಿದ್ರೆ ಮಣ್ಣು ಹಾಕ್ದೆ ಕೈ ಹಿಡ್ಕೊಂಡು ನಿಂತಿರ್ತಿದ್ವಲ್ಲೇ. ಹೇಳ್ಬೇಡ ಅಂದೆ, ಫೋನ್ ಎತ್ತಬೇಡ ಅಂದ್ನಾ?"

ಹಸಿ ಮಣ್ಣಿನ ಗುಡ್ಡೆಯ ಪಕ್ಕ ಅಕ್ಕ ಕೂತಿದ್ದಳು. ದ್ರಾಕ್ಷಿಯ ಕವರ್ ಅವಳ ಕೈಯಲ್ಲೇ ಇತ್ತು. ಅದನ್ನು ಮಣ್ಣಿನ ಮೇಲೆ ಇಡಲಿಲ್ಲ, ನನಗೂ ಕೊಡಲಿಲ್ಲ. ನಾನು ಪಕ್ಕ ಕೂರಲು ಹೋದೆ. ಭುಜ ತಾಗದ ಹಾಗೆ ಸ್ವಲ್ಪ ಸರಿದು ಕೂತಳು. ಬಸ್ಸಿನಲ್ಲಿ ನಾನು ತಲೆ ಇಟ್ಟಿದ್ದ ಭುಜ ಅದು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅವಳು ಹೊರಟಾಗ ಏರ್‌ಪೋರ್ಟ್ ಬಸ್ಸಿನ ತನಕ ಬರ್ತೀನಿ ಅಂದೆ. ಬೇಡ ಅಂದಳು. ಬನಶಂಕರಿ ನಿಲ್ದಾಣಕ್ಕೆ ಮಾವನನ್ನು ಕರೆದುಕೊಂಡು ಹೋದಳು.

ಈಗಲೂ ಪ್ರತಿ ಶುಕ್ರವಾರ ಅಕ್ಕ ವಿಡಿಯೋ ಕಾಲ್ ಮಾಡುತ್ತಾಳೆ. "ಎಲ್ಲಾ ಚೆನ್ನಾಗಿದ್ದಾರೆ" ಎಂದು ನಾನು ಹೇಳಿದರೆ ಸಾಲದು. "ಮಾವನ್ನ ತೋರ್ಸು" ಅನ್ನುತ್ತಾಳೆ. ತೋರಿಸುತ್ತೇನೆ. "ಅತ್ತೆ?" ಅತ್ತೆ ಪಾತ್ರೆ ತೊಳೆಯುತ್ತಿದ್ದರೆ ಅಲ್ಲಿಗೇ ಫೋನ್ ಒಯ್ಯುತ್ತೇನೆ. ಪಕ್ಕದ ಮನೆಯ ಆಂಟಿಯನ್ನೂ ಕರೆಸಿ ಕೈ ಬೀಸಲು ಹೇಳುತ್ತಾಳೆ. ಒಬ್ಬೊಬ್ಬರೂ ಅಲುಗಾಡಿ ಮಾತಾಡಿದ ಮೇಲೆಯೇ ಅವಳಿಗೆ ನಂಬಿಕೆ. ಎಲ್ಲರದೂ ಮುಗಿದ ಮೇಲೆ ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಅವಳು ಫೋನ್ ಇಟ್ಟಿರುತ್ತಾಳೆ.