ಎಮ್ಮೆಯ ಮುಂದೆ ಸೀನಿದ ಹೆಡ್ ಮಾಸ್ಟರು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿಡ್ಲಘಟ್ಟದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದೆ. ಆಗ ನನಗೆ ಇಪ್ಪತ್ಮೂರು ವರ್ಷ. ನಮ್ಮಪ್ಪ ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಗಳು ಬಿ.ಎಸ್ಸಿ. ಮಾಡಿದ್ದೇ ಅವರಿಗೆ ಹೆಚ್ಚಾಗಿತ್ತು, ನನಗೆ ಮಾತ್ರ ಸಾಲದಾಗಿತ್ತು. ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ವಿಜ್ಞಾನದ ಟೀಚರುಗಳಿಗೆಂದು ನಡೆದ ತರಬೇತಿಗೆ ಹೋಗಿ, ತಲೆ ತುಂಬ ಹೊಸ ವಿಷಯ ತುಂಬಿಕೊಂಡು ಬಂದಿದ್ದೆ.

ಅದರಲ್ಲಿ ನನ್ನನ್ನು ಬಹಳ ಹಿಡಿದದ್ದು ಹಾಲಿನ ವಿಷಯ. ಹಾಲು ಕೆಚ್ಚಲಿನಲ್ಲಿ ತುಂಬಿರುತ್ತದೆ, ಹಿಂಡಿದರೆ ಬರುತ್ತದೆ ಎಂದೇ ನಾನು ತಿಳಿದಿದ್ದೆ. ಅಷ್ಟೇ ಅಲ್ಲವಂತೆ. ಕರು ಬಾಯಿ ಹಾಕಿದಾಗ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಮಿದುಳಿನ ಕೆಳಗಿರುವ ಒಂದು ಪುಟ್ಟ ಗ್ರಂಥಿಯಿಂದ ಏನೋ ರಸ ರಕ್ತಕ್ಕೆ ಸೇರುತ್ತದೆ. ಆ ರಸ ಕೆಚ್ಚಲಿಗೆ ತಲುಪಿದ ಮೇಲೆ ಹಾಲು ಕೆಳಗಿಳಿಯುತ್ತದೆ. ಹೆದರಿಕೆಯಾದರೆ ಇಡೀ ವ್ಯವಸ್ಥೆ ನಿಂತುಹೋಗುತ್ತದೆ. ಮನುಷ್ಯರಲ್ಲೂ ಹೀಗೇ, ಮಗು ಅತ್ತ ಸದ್ದಿಗೇ ತಾಯಿಗೆ ಹಾಲಿಳಿಯುತ್ತದೆ ಎಂದು ಅಲ್ಲಿನ ಅಧ್ಯಾಪಕರು ಹೇಳಿದಾಗ ನಾನು ನಾಚಿಕೆ ಮರೆತು ಎರಡು ಪುಟ ಬರೆದುಕೊಂಡಿದ್ದೆ.

ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿದ್ದದ್ದು ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ. ಐವತ್ತು ದಾಟಿದ ಗಟ್ಟಿ ಹೆಂಗಸು. ನನ್ನೊಂದಿಗೆ ಕನ್ನಡ, ತನ್ನ ಎಮ್ಮೆಯೊಂದಿಗೆ ತೆಲುಗು. ಬೀದಿಯಲ್ಲಿ ಯಾವಾಗಲೂ ರೇಷ್ಮೆಗೂಡು ಬೇಯಿಸುವ ವಾಸನೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಪಕ್ಕದ ಮನೆಯವರು ತಂದು ಹಾಕುತ್ತಿದ್ದರು, ಎಮ್ಮೆ ಅದನ್ನು ಮೇಯ್ದು ಚೆನ್ನಾಗಿತ್ತು. ಬೆಳಗ್ಗೆ ಎರಡು ಸೇರು ಹಾಲು.

ನಾನು ಹೋದ ಮೂರನೆಯ ತಿಂಗಳಲ್ಲಿ ಎಮ್ಮೆಯ ಕರು ಸತ್ತಿತು. ಮರುದಿನದಿಂದ ಎಮ್ಮೆ ಹಾಲು ಏರಿಸಿಕೊಂಡಿತು. ಮನೆಯಮ್ಮ ಕೂತು ಎಷ್ಟೇ ಎಳೆದರೂ ಪಾವಿನ ಮೇಲೆ ಬರಲಿಲ್ಲ. "ಇಯ್ಯವೇ ನಾ ತಲ್ಲಿ," ಕೊಡೇ ನನ್ನ ತಾಯಿ ಎಂದು ಆಕೆ ಬೇಡಿಕೊಳ್ಳುತ್ತಿದ್ದರು. ತಾಯಿ ಒಂದು ಒದೆ ಕೊಟ್ಟಿತು, ಚೆಂಬು ಅಂಗಳಕ್ಕೆ ಉರುಳಿತು.

ಊರಿನಲ್ಲಿ ಇದಕ್ಕೆ ಹಳೆಯ ಉಪಾಯವಿತ್ತು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ತಂದು ಎಮ್ಮೆಯ ಮುಂದೆ ನಿಲ್ಲಿಸಿದರು. ಎಮ್ಮೆ ಅದನ್ನು ಮೇಲಿಂದ ಕೆಳಗೆ ಮೂಸಿತು, ಹೊಟ್ಟೆಯ ಹೊಲಿಗೆ ಎಲ್ಲಿ ಸಡಿಲವಾಗಿದೆ ಎಂದು ಕಂಡುಹಿಡಿಯಿತು, ಅಲ್ಲಿಂದ ಹುಲ್ಲನ್ನು ಎಳೆದು ತಿನ್ನತೊಡಗಿತು. ಸಂಜೆಯ ಹೊತ್ತಿಗೆ ಕರು ಒಂದು ಪಕ್ಕಕ್ಕೆ ಕುಸಿದಿತ್ತು.

"ಇಂಥ ಎಮ್ಮೇನ ನಾನು ಕಂಡಿಲ್ಲ ಟೀಚರಮ್ಮ," ಎಂದರು ಮನೆಯಮ್ಮ. ಅವರ ಕಣ್ಣು ತುಂಬಿತ್ತು, ಆದರೂ ನಗು ತಡೆಯಲಾಗಲಿಲ್ಲ.

ನಾನು ಅವರಿಗೆ ಮಿದುಳಿನ ಗ್ರಂಥಿಯ ಕಥೆ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಹಂಗಾದ್ರೆ ಅದರ ತಲೇಲಿರೋದನ್ನ ಕೆಳಕ್ಕೆ ಇಳಿಸೋದು ಹೆಂಗೆ, ಅದನ್ನ ಹೇಳಿ," ಎಂದರು. ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಬೆಳಗ್ಗೆ ಎಮ್ಮೆಯ ತಲೆ ಹಿಡಿದುಕೊಂಡು ನಿಲ್ಲುವ ಕೆಲಸ ನನಗೆ ಬಿತ್ತು. ಒಂಬತ್ತರವರೆಗೂ ಎಳೆದಾಟ ನಡೆದು ಎರಡು ದಿನ ಸ್ಕೂಲಿನ ಪ್ರಾರ್ಥನೆಗೆ ತಡವಾಗಿ ಹೋದೆ. ಮೂರನೆಯ ದಿನ ನಮ್ಮ ಹೆಡ್ ಮಾಸ್ಟರೇ ಬೆಳಗಿನ ವಾಕಿಂಗಿನ ದಾರಿಯಲ್ಲಿ ಮನೆಗೆ ಬಂದುಬಿಟ್ಟರು. ಕ್ಲೋಸ್ ಕಾಲರ್ ಕೋಟು, ಪೇಟ, ಕೈಯಲ್ಲಿ ಬೆತ್ತ. ಇಂಗ್ಲಿಷ್ ವ್ಯಾಕರಣ ಪಾಠ ಮಾಡುತ್ತಿದ್ದ ಅವರಿಗೆ ವಿಜ್ಞಾನದ ಮೇಲೆ ಅಷ್ಟು ಗೌರವವಿರಲಿಲ್ಲ. ಅದರಲ್ಲಿ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ ಎಂಬುದು ಅವರ ದೂರು.

"ಏನಮ್ಮ, ಇದೇನು ಅವಸ್ಥೆ?" ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದರು. ನಾನು ಎಮ್ಮೆಯ ಕೊಂಬು ಹಿಡಿದೇ ನಮಸ್ಕಾರ ಮಾಡಲು ನೋಡಿದೆ, ಆಗಲಿಲ್ಲ. ಅವರು ಉತ್ತರಕ್ಕೆ ಕಾಯುತ್ತ ಕೋಟಿನ ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಮೂರು ಸಲ ಸೀನಿದರು. ಅವರ ಸೀನು ಊರಿಗೇ ಗೊತ್ತು. ಬೀದಿಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟವರು ಅದು ಕೇಳಿಸಿದರೆ ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಮನೆಯಮ್ಮ ಮುಖ ಸಿಂಡರಿಸಿದರು.

ಎಮ್ಮೆ ತಲೆಯೆತ್ತಿತು. ಮೂಗಿನ ಹೊಳ್ಳೆ ಅರಳಿಸಿತು. ಸ್ವಲ್ಪ ಹೊತ್ತಿಗೆ ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕತೊಡಗಿತು.

"ಅಮ್ಮಾ, ಕರೀರಿ, ಬೇಗ ಕರೀರಿ," ಎಂದೆ. ಮನೆಯಮ್ಮ ಕೂತರು. ಚೆಂಬು ತುಂಬಿ, ಇನ್ನೊಂದು ಚೆಂಬೂ ಮುಕ್ಕಾಲಾಯಿತು. ಹೆಡ್ ಮಾಸ್ಟರು ಏನಾಯಿತೆಂದು ತಿಳಿಯದೆ, "ಪ್ರಾರ್ಥನೆ ಒಂಬತ್ತೂವರೆಗೆ," ಎಂದು ಹೇಳಿ ಹೊರಟುಹೋದರು.

ನನಗೆ ಆ ದಿನ ಪಾಠದ ಮೇಲೆ ಮನಸ್ಸಿರಲಿಲ್ಲ. ಊಟದ ಗಂಟೆಯ ಸದ್ದಿಗೇ ಬಾಯಲ್ಲಿ ನೀರೂರಿಸುವ ನಾಯಿಗಳ ಬಗ್ಗೆ ಓದಿದ್ದೆ. ಇದು ಅದೇ. ಹಿಂದಿನ ಯಜಮಾನನೊಬ್ಬ ಹಾಲು ಕರೆಯುವ ಮುಂಚೆ ಸೀನುತ್ತಿದ್ದಿರಬೇಕು, ಎಮ್ಮೆಗೆ ಸೀನೆಂದರೆ ಹಾಲಿನ ಹೊತ್ತು ಎಂದು ರೂಢಿಯಾಗಿರಬೇಕು. ಮರುದಿನ ಬಟ್ಟೆಯ ಬತ್ತಿಯನ್ನು ಮೂಗಿಗೆ ತೂರಿಸಿಕೊಂಡು ನಾನೇ ಎಮ್ಮೆಯ ಮುಂದೆ ಸೀನಿದೆ. ಎಮ್ಮೆ ನನ್ನ ಕಡೆ ನೋಡಿ ಮುಖ ತಿರುಗಿಸಿತು. ಆಚೆ ಮನೆಯವರು ಮೆಣಸಿನಕಾಯಿ ಕುಟ್ಟುವ ಹೊತ್ತಿಗೆ ಮನೆಯಮ್ಮನೂ ಸೀನಿದರು. ಫಲವಿಲ್ಲ. ಹೆಂಗಸರ ಸೀನು ಆಗದು, ಗಂಡಸಿನ ದೊಡ್ಡ ಸೀನೇ ಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ.

ಆ ನೋಟ್‌ಬುಕ್ ಹಿಡಿದುಕೊಂಡೇ ಹೆಡ್ ಮಾಸ್ಟರ ಕೋಣೆಗೆ ಹೋದೆ.

"ಸಾರ್, ಒಂದು ಪ್ರಯೋಗಕ್ಕೆ ತಮ್ಮ ಸಹಾಯ ಬೇಕಿತ್ತು."

ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಬಿ.ಎ., ಎಲ್.ಟಿ. ಕಣಮ್ಮ. ಮೂವತ್ತು ವರ್ಷ ಸರ್ವಿಸಾಗಿದೆ. ಎಮ್ಮೆ ಮುಂದೆ ಹೋಗಿ ಸೀನು ಅಂತೀಯಲ್ಲ."

"ಹೇಗೂ ದಿನಾ ಬೆಳಗ್ಗೆ ಸೀನ್ತೀರಲ್ಲ ಸಾರ್. ಸ್ವಲ್ಪ ಜಾಗ ಬದಲಾಯಿಸಿದರೆ ಸಾಕು."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಕೊನೆಗೆ, "ಅದರ ಮೇಲೆ ಅಷ್ಟು ಪರಿಣಾಮ ಆಯಿತೇನು?" ಎಂದು ಮೆಲ್ಲಗೆ ಕೇಳಿದರು.

"ಎರಡು ಸೇರು ಸಾರ್."

ಮರುದಿನ ಆರೂವರೆಗೆ ಸರಿಯಾಗಿ ಬಂದರು. ಡಬ್ಬಿ ತೆಗೆದರು, ಸೀನಿದರು, ಎಮ್ಮೆ ಹಾಲು ಬಿಟ್ಟಿತು. ಮನೆಯಮ್ಮ ಆ ಹಾಲಿನಲ್ಲೇ ಕಾಫಿ ಮಾಡಿ ಕೊಟ್ಟರು. ಅವರ ಸೀನಿಗೆ ಮುಖ ಸಿಂಡರಿಸುತ್ತಿದ್ದ ಹೆಂಗಸು ಈಗ ಬೀದಿಯ ತಿರುವಿನಲ್ಲಿ ಪೇಟ ಕಂಡೊಡನೆ ಕೊಟ್ಟಿಗೆ ಗುಡಿಸಿ, ಒಂದು ಸ್ಟೂಲು ಹಾಕಿಡುತ್ತಿದ್ದರು. ಮೂರು ವಾರ ಹೀಗೇ ನಡೆಯಿತು. ಹೆಡ್ ಮಾಸ್ಟರ ನಡಿಗೆಯಲ್ಲೇ ಬದಲಾವಣೆ ಕಾಣಿಸಿತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ, "ಎಲ್ಲರಿಗೂ ಬರೋದಿಲ್ಲ ಅದು. ಒಂದು ಗಾಂಭೀರ್ಯ ಬೇಕು," ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಆಮೇಲೆ ಅವರಿಗೆ ನೆಗಡಿಯಾಯಿತು. ನೆಗಡಿ ಎಂದು ಅವರ ಹೆಂಡತಿ ನಶ್ಯದ ಡಬ್ಬಿ ಬಚ್ಚಿಟ್ಟರಂತೆ. ಆದರೂ ಕರ್ತವ್ಯ ಬಿಡದೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ನೆಗಡಿಯ ಸೀನಿಗೆ ಕೊರತೆಯೇ? ಹನ್ನೊಂದು ಸಲ ಸೀನಿದರು, ಒಂದಕ್ಕಿಂತ ಒಂದು ಜೋರು. ಎಮ್ಮೆ ಬಾಲ ಆಡಿಸಿ ನೊಣ ಓಡಿಸಿತು. ಒಂದು ಹನಿ ಇಳಿಯಲಿಲ್ಲ.

"ಎಮ್ಮೆಗೆ ನನ್ನ ಮೇಲೆ ಬೇಜಾರಾಗಿದೆ ಅನ್ನಿಸತ್ತೆ," ಎಂದು ಹೇಳಿ ಅವರು ಕಾಫಿ ಕುಡಿಯದೆ ಹೋದರು.

ಸೀನು ಅದೇ, ಮನುಷ್ಯ ಅದೇ, ಹಾಲು ಮಾತ್ರ ಇಲ್ಲ. ನನ್ನ ಅಡಿಗೆರೆ ಹಾಕಿದ ಸಾಲು ತಪ್ಪಾಗಿತ್ತು. ಎಲ್ಲಿ ತಪ್ಪಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಮನೆಯಮ್ಮ, "ಕೊಟ್ಟೋರನ್ನೇ ಕೇಳಣ ನಡೀರಿ," ಎಂದರು. ಎಮ್ಮೆಯನ್ನು ಅವರು ಚಿಂತಾಮಣಿ ಸಂತೆಯಲ್ಲಿ ಕೊಂಡಿದ್ದರು. ಮಾರಿದವರ ಹಳ್ಳಿ ಚಿಂತಾಮಣಿಯಿಂದ ಎರಡು ಮೈಲಿ. ಭಾನುವಾರ ಪುಟ್ಟ ರೈಲು ಹತ್ತಿ ಹೋದೆವು. ಆ ರೈಲು ಎಷ್ಟು ನಿಧಾನವೆಂದರೆ, ದಾರಿಯಲ್ಲಿ ಕಂಡ ಪರಿಚಯದವರ ಹತ್ತಿರ ಮನೆಯಮ್ಮ ಕಿಟಕಿಯಿಂದಲೇ ಮನೆಮಂದಿಯ ಆರೋಗ್ಯವೆಲ್ಲ ವಿಚಾರಿಸಿ ಮುಗಿಸುತ್ತಿದ್ದರು.

ಎಮ್ಮೆ ಮಾರಿದ ರೈತ ಮನೆಯಲ್ಲೇ ಇದ್ದ. ಸೀನುವ ಅಭ್ಯಾಸ ಇದೆಯೇ ಎಂದು ನಾನು ಕೇಳಿದಾಗ ಗಾಬರಿಯಾಗಿ ಇಲ್ಲ ಎಂದ. ಅವನ ತಮ್ಮನೂ ಸೀನುವವನಲ್ಲ.

"ಹಾಲು ಕರೀತಿದ್ದದ್ದು ಯಾರಪ್ಪ?" ಎಂದು ಮನೆಯಮ್ಮ ಕೇಳಿದರು.

"ನಮ್ಮವ್ವ. ಕಣ್ಣು ಮಂಜಾಯ್ತು, ಕೈ ನಡುಕ ಬಂತು, ಅದಕ್ಕೇ ಮಾರಿದ್ವಿ."

ಜಗಲಿಯ ಮೂಲೆಯಲ್ಲಿ ಒಂದು ಅಜ್ಜಿ ಕೂತಿತ್ತು. ಎಮ್ಮೆಯ ಮನೆಯವರು ಬಂದಿದ್ದಾರೆ ಎಂದು ತಿಳಿದೊಡನೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಿತು. "ಬಾಗುಂದಾ? ಚೆನ್ನಾಗಿದೆಯಾ ನನ್ನ ಕೂಸು?" ಎಂದು ಎರಡು ಭಾಷೆಯಲ್ಲೂ ಕೇಳಿತು. ಅಜ್ಜಿಯ ಹೆಬ್ಬೆರಳು, ತೋರುಬೆರಳು ಕಂದು ಬಣ್ಣಕ್ಕೆ ತಿರುಗಿದ್ದವು. ಸೊಂಟದಲ್ಲಿ ಸಿಕ್ಕಿಸಿದ್ದ ತಗಡಿನ ಡಬ್ಬಿ ತೆಗೆದು, ಬೆರಳಲ್ಲಿ ನಶ್ಯ ಹಿಡಿದು, ಒಂದಿಷ್ಟೂ ಸದ್ದಿಲ್ಲದೆ ಏರಿಸಿಕೊಂಡಿತು. ಸೀನಲಿಲ್ಲ.

"ಅಜ್ಜಿ, ನಿಮಗೆ ಸೀನು ಬರೋದಿಲ್ವಾ?"

"ಅರವತ್ತು ವರ್ಷದಿಂದ ಹಾಕ್ತಿದೀನಿ ತಾಯಿ. ಮೂಗು ಪಳಗಿಹೋಗಿದೆ. ಹಾಲಿಗೆ ಕೂರೋಕೆ ಮುಂಚೆ ಅದರ ಮೂತಿ ಸವರ್ತಿದ್ದೆ. ಈ ಕೈ ವಾಸನೆ ನೋಡ್ದೆ ಅದು ಒಂದು ದಿನವೂ ಹಾಲು ಬಿಡ್ತಿರಲಿಲ್ಲ."

ನನಗೆ ಎಲ್ಲವೂ ಅಲ್ಲೇ ತಿಳಿದುಹೋಯಿತು. ನಮ್ಮಲ್ಲಿ ಕರು ಇದ್ದಷ್ಟು ದಿನ ಅದರ ಬಾಯೇ ಸಾಕಾಗಿತ್ತು, ಕರು ಹೋದ ಮೇಲೆ ಎಮ್ಮೆಗೆ ಈ ವಾಸನೆ ಬೇಕಾಗಿತ್ತು. ಹೆಡ್ ಮಾಸ್ಟರು ನಶ್ಯವನ್ನೂ ತಂದಿದ್ದರು, ಸೀನನ್ನೂ ತಂದಿದ್ದರು. ದೊಡ್ಡ ಸದ್ದು ಮಾಡಿದ್ದನ್ನು ನಾನು ಹಿಡಿದುಕೊಂಡು, ಸದ್ದಿಲ್ಲದ್ದನ್ನು ಬಿಟ್ಟಿದ್ದೆ. ಎಮ್ಮೆ ಮೂಗು ಅರಳಿಸಿದ್ದು ಕಣ್ಣಾರೆ ಕಂಡಿದ್ದರೂ, ನನ್ನ ಲಕ್ಷ್ಯವೆಲ್ಲ ಅದರ ಕಿವಿಯ ಮೇಲಿತ್ತು. ಬತ್ತಿಯಿಂದ ಸೀನುವ ಬದಲು ಒಂದು ಚಿಟಿಕೆ ನಶ್ಯ ತಂದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆದರೆ ಮದುವೆಯಾಗದ ಟೀಚರು ಶಿಡ್ಲಘಟ್ಟದ ಅಂಗಡಿಯಲ್ಲಿ ನಶ್ಯ ಕೇಳುವುದುಂಟೆ ಎಂದು ನಾಚಿಕೊಂಡಿದ್ದೆ.

ಅಜ್ಜಿ ಒಣಗಿದ ಬಾಳೆಲೆಯಲ್ಲಿ ಒಂದಿಷ್ಟು ನಶ್ಯ ಕಟ್ಟಿಕೊಟ್ಟಿತು. ಮರುದಿನ ಮನೆಯಮ್ಮ ಅದನ್ನು ಬೆರಳಿಗೆ ಸವರಿಕೊಂಡು ಎಮ್ಮೆಯ ಮೂತಿಗೆ ಹಿಡಿದರು. ಎಮ್ಮೆ ಆ ಬೆರಳುಗಳನ್ನು ಬಹಳ ಹೊತ್ತು ಮೂಸಿತು, ನೆಕ್ಕಿತು, ಕತ್ತು ಚಾಚಿ ಅವರ ಹೆಗಲ ಮೇಲಿಟ್ಟಿತು. ಚೆಂಬು ಇಡುವ ಮೊದಲೇ ಹಾಲು ನೆಲಕ್ಕೆ ಬೀಳುತ್ತಿತ್ತು.

ಹೆಡ್ ಮಾಸ್ಟರಿಗೆ ಹೇಳಬೇಕೋ ಬೇಡವೋ ಎಂದು ನಮ್ಮಿಬ್ಬರಿಗೆ ವಾದವಾಯಿತು. "ಪಾಪ, ಸೀನ್ಕೊಂಡು ಹೋಗ್ಲಿ ಬಿಡಿ," ಎಂದರು ಮನೆಯಮ್ಮ. ವಿಜ್ಞಾನ ಓದಿ ಸುಳ್ಳು ನಡೆಸುವುದು ಹೇಗೆ ಎಂದು ನನಗೆ ಸಂಕಟ. ನೆಗಡಿ ಬಿಟ್ಟು ಅವರು ಸ್ಕೂಲಿಗೆ ಬಂದ ದಿನ ಹೋಗಿ ಎಲ್ಲ ಹೇಳಿಬಿಟ್ಟೆ.

"ಹಾಗಾದರೆ ಮೂರು ವಾರ ನಾನು ಸೀನಿದ್ದು?"

"ಬೇಕಾಗಿರಲಿಲ್ಲ ಸಾರ್. ನನ್ನದೇ ತಪ್ಪು."

ಅವರು ಕಿಟಕಿಯಾಚೆ ನೋಡುತ್ತ ಕೂತರು. ಪೇಟದ ಕೆಳಗೆ ಅವರ ಮುಖ ಚಿಕ್ಕದಾಗಿ ಕಂಡಿತು. ಆಮೇಲೆ ಅವರು ಹಾಜರಿ ಪುಸ್ತಕ ತೆರೆದರು, ನಾನು ಹೊರಗೆ ಬಂದೆ.

ಮಾರನೆಯ ದಿನ ಆರೂವರೆಗೆ ಬೀದಿಯ ತಿರುವಿನಲ್ಲಿ ಪೇಟ ಕಾಣಿಸಿತು. ಮನೆಯಮ್ಮ ಓಡಿಹೋಗಿ ಸ್ಟೂಲು ತಂದಿಟ್ಟರು. ಹೆಡ್ ಮಾಸ್ಟರು ಕೂತು, ತಮ್ಮ ಡಬ್ಬಿ ತೆರೆದು ಮನೆಯಮ್ಮನ ಮುಂದೆ ಹಿಡಿದರು. "ನನ್ನದರಲ್ಲೇ ತಗೊಳ್ಳಿ. ಹೊರಗಿಂದು ತೇವ ಹಿಡಿದಿರತ್ತೆ." ತಾವು ಮಾತ್ರ ಏರಿಸಲಿಲ್ಲ. ಎಮ್ಮೆಯ ಮೂಗಿನ ಹೊಳ್ಳೆಯನ್ನೇ ಬಗ್ಗಿ ನೋಡುತ್ತಿದ್ದರು. "ಎಷ್ಟು ಹೊತ್ತು ತಗೊಳ್ಳತ್ತಮ್ಮ, ಮೂಗಿಂದ ಕೆಚ್ಚಲಿಗೆ?" ಎಂದು ನನ್ನನ್ನು ಕೇಳಿದರು. ಕೋಟಿನಿಂದ ಗಡಿಯಾರ ತೆಗೆದು ತಾವೇ ನೋಡಿದರು. ಎಮ್ಮೆ ಬತ್ತುವವರೆಗೂ ಬರುತ್ತಲೇ ಇದ್ದರು, ದಿನಾ ಸಮಯ ಬರೆಸುತ್ತಿದ್ದರು.

ಆ ವರ್ಷ ಒಂಬತ್ತನೆಯ ತರಗತಿಗೆ ಇದನ್ನೇ ಪಾಠ ಮಾಡು ಎಂದು ಹೇಳಿದವರೂ ಅವರೇ. ನಾನು ಎಮ್ಮೆಯ, ಅಜ್ಜಿಯ ಕಥೆಯನ್ನೆಲ್ಲ ಹೇಳಿ, ಮಿದುಳು, ನರ, ರಕ್ತ, ಕೆಚ್ಚಲು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ. ಅವರು ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಪಾಠ ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಶ್ಯದ ವಾಸನೆಗೆ ಹಾಲು ಬಂತಾ, ಇಲ್ಲ ಅದಕ್ಕೆ ಅಜ್ಜಿ ಜ್ಞಾಪಕ ಬಂದು ಹಾಲು ಬಂತಾ?"

ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದೆ, ಅಲ್ಲಿ ಅದಿರಲಿಲ್ಲ. ಮಕ್ಕಳೆಲ್ಲ ನನ್ನನ್ನು ಬಿಟ್ಟು ಹಿಂದಕ್ಕೆ ತಿರುಗಿ ಹೆಡ್ ಮಾಸ್ಟರ ಕಡೆ ನೋಡಿದರು. ಅವರು ಎದ್ದು, ಕೋಟು ಸರಿಮಾಡಿಕೊಂಡು, ವ್ಯಾಕರಣದ ನೋಟ್ಸ್ ಕೊಡುವ ಧ್ವನಿಯಲ್ಲೇ, "ಬರ್ಕೊಳ್ಳಿ. ಇನ್ನೂ ಗೊತ್ತಿಲ್ಲ," ಎಂದರು.

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ನಾನೂ ಬರೆದುಕೊಂಡೆ.