ನಕಾಶೆ ತೋರಿಸಿದ ಸ್ಮಶಾನ

ಮನೆತನದ ಚರಿತ್ರೆ ಬರೆಯಬೇಕೆಂದು ಹಾನಗಲ್ಲಿನ ಕಚೇರಿಯಿಂದ ಊರಿನ ಹಳೆಯ ನಕಾಶೆಯ ನಕಲು ತಂದೆ. ಅಜ್ಜ ಗಳಿಸಿದ್ದೆಂದು ನಾವು ಹೇಳಿಕೊಳ್ಳುತ್ತಿದ್ದ ಹೊಲದ ಮೂಲೆಯಲ್ಲಿ ‘ಸ್ಮಶಾನ’ ಎಂದಿತ್ತು. ಅಲ್ಲೀಗ ನಮ್ಮ ಗೋವಿನಜೋಳ ಬೆಳೆಯುತ್ತದೆ. ಆ ಹೊಲದಲ್ಲಿ ವರ್ಷಗಟ್ಟಲೆ ಕಳೆ ತೆಗೆದ ಕೆಳಗೇರಿಯ ಮುದುಕಿಯನ್ನು ಹೋಗಿ ಕೇಳಿದೆ.

“ಹೌದ್ರಿ, ನಮ್ಮವ್ವನ್ನ ಅಲ್ಲೇ ಮಣ್ಣ ಮಾಡಿದ್ರು. ಆಮ್ಯಾಲ ನಿಮ್ಮಜ್ಜಾರು ನೇಗಿಲ ಹೊಡಿಸಿದ್ರು.”

“ಇಷ್ಟ ದಿನ ಯಾಕ ಹೇಳಲಿಲ್ಲಬೇ?”

“ಯಾರಿಗೆ ಹೇಳೂದ್ರಿ? ಅಲ್ಲಿ ಬಂದಾಗ ಚಪ್ಪಲಿ ಬಿಡತಿದ್ನಿ, ಅಷ್ಟ.”

ಅವಳು ಚಪ್ಪಲಿ ಬಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅದು ನಮಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಆ ಮೂಲೆಯನ್ನು ಕೆಳಗೇರಿಯವರಿಗೆ ಬಿಟ್ಟುಕೊಡೋಣವೆಂದು ಅಣ್ಣನಿಗೆ ಹೇಳಿದೆ.

“ನಿನಗ ಬ್ಯಾರೆ ಕೆಲಸ ಇಲ್ಲೇನು?” ಎಂದ.

ಈ ವರ್ಷವೂ ಅಲ್ಲಿ ಬಿತ್ತಿದೆವು.